ಮೂಸದ ಹೂವು

“ಮೂಸಿಬಿಟ್ಟಳಲ್ಲೋ ಸೋಮ್ಯಾ! ನೋಡಕೋತ ಕುಂತೀಯಲ್ಲ, ಬ್ಯಾಡ್ರಿ ಅನಬಾರದಾ?”

ಅವ್ವ ರೇವವ್ವನ ಕೂಗಿಗೆ ಸೋಮನಿಂಗ ಕೈಯಲ್ಲಿದ್ದ ದಾರ ಬಿಟ್ಟು ತಲೆ ಎತ್ತಿದ. ಹೂವಿನ ಅಂಗಡಿಯ ಮುಂದೆ ಬಿಳಿ ಸೀರೆಯ ಹುಡುಗಿಯೊಬ್ಬಳು ನಿಂತಿದ್ದಳು. ದವಾಖಾನೆಗೆ ಹೊಸದಾಗಿ ಬಂದ ನರ್ಸಬಾಯಿ. ಬುಟ್ಟಿಯೊಳಗಿನ ಹಳದಿ ಸೇವಂತಿಗೆಯೊಂದನ್ನು ಎತ್ತಿ, ಕಣ್ಣು ಮುಚ್ಚಿ, ಎಸಳುಗಳ ನಡುವೆ ಮೂಗು ಹುದುಗಿಸಿದ್ದಳು.

“ಹೂವು ಮೂಸಲಾರದ ಮತ್ತೇನ ಮಾಡ್ತಾರ್ರಿ ಅವ್ವಾರ?” ಅಂದಳು ಕಣ್ಣು ತೆರೆದು.

“ದೇವರಿಗಿ ಏರಸ್ತಾರ ನಮ್ಮವ್ವಾ! ದೇವರಕಿಂತ ಮೊದಲ ನೀ ಮೂಸಿದ್ರ ಅದು ಎಂಜಲಾತು.”

“ಅಯ್ಯ, ನಾ ಬರೇ ವಾಸನಿ ತಗೊಂಡೇನ್ರಿ. ತಿಂದಿಲ್ಲ.”

ಸೋಮನಿಂಗನಿಗೆ ನಗು ಬಂತು. ಅವ್ವನ ಮುಂದೆ ನಗುವುದು ಹೇಗೆಂದು ನುಂಗಿಕೊಂಡ. ನುಂಗಿದ್ದನ್ನೂ ಆ ಹುಡುಗಿ ನೋಡಿಬಿಟ್ಟಳು. ಅವಳ ಕಣ್ಣಿನ ಅಂಚಿನಲ್ಲಿ ಸಣ್ಣದೊಂದು ಮಿಂಚು ಬಂದು ಹೋಯಿತು.

“ಎಂಜಲಾದದ್ದು ನಾನ ತಗೋತೇನಿ. ಆದ್ರ ಹೂಗಾರ್ರ, ಇದರ ದಂಟು ಎಲ್ಲಿ?”

“ದಂಟು ದನಕ್ಕ ಹಾಕ್ತೇವ್ರಿ.”

“ಹಂಗಾದ್ರ ನಿಮ್ಮ ದನ ನನಕಿಂತ ಪುಣ್ಯಾ ಮಾಡ್ಯಾವ ಬಿಡ್ರಿ,” ಅಂದು ಸೇವಂತಿಗೆಯನ್ನು ಅಂಗೈಯಲ್ಲಿ ಹಿಡಿದು ಹೊರಟೇಹೋದಳು.

ಬರ ಕಳೆದು ಬಾವಿಗಳಿಗೆ ಮತ್ತೆ ನೀರು ಬಂದಿದ್ದ ವರ್ಷ ಅದು, ಎಪ್ಪತ್ತನಾಲ್ಕು. ದಸರೆ ಹತ್ತಿರ ಬಂದಿತ್ತು. ಬಸವನ ಬಾಗೇವಾಡಿಯ ಸಂತೆಗೆ ಹೋಗುವ ದಾರಿಯಲ್ಲಿ ಸೋಮನಿಂಗನ ಅಂಗಡಿ. ಅಂಗಡಿ ಅಂದರೆ ಒಂದು ಹಲಗೆ, ಮೇಲೊಂದು ತಗಡು, ಒದ್ದೆ ಗೋಣಿಚೀಲದ ಮೇಲೆ ಮೂರು ಬುಟ್ಟಿ. ಓಣಿಯ ಈಶ್ವರ ಗುಡಿಗೆ ದಿನಾ ಹೂವು ಕೊಡುವ ಸೇವೆ ಅಜ್ಜನ ಕಾಲದಿಂದ ಅವರ ಮನೆಯದು. ಯಾವ ಹೂವು ದೇವರ ಪಾಲು, ಯಾವುದು ಮಂದಿಯ ಪಾಲು ಎಂದು ಕೊಯ್ಯುವಾಗ ಗೊತ್ತಾಗುವುದಿಲ್ಲವಲ್ಲ. ಅದಕ್ಕೇ ಆ ಮನೆಯವರು ಯಾವ ಹೂವನ್ನೂ ಮೂಗಿನ ಹತ್ತಿರ ತರುತ್ತಿರಲಿಲ್ಲ. ಕೊಯ್ಯುವಾಗ ಮುಖ ಆಚೆ ತಿರುಗಿಸಿಕೊಳ್ಳುವುದು ಸೋಮನಿಂಗನಿಗೆ ನಡಿಗೆಯ ಹಾಗೆ ರೂಢಿಯಾಗಿತ್ತು.

ಮರುದಿನ ದಂಟಿನ ಸಮೇತ ಒಂದು ಹಿಡಿ ಸೇವಂತಿಗೆ ಕಿತ್ತುಕೊಂಡು ದವಾಖಾನೆಗೆ ಹೋದ. ಯಾಕೆ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡ.

ಅವಳು ಹಿತ್ತಲ ಬೇವಿನ ಗಿಡದ ಕೆಳಗೆ ನಳದ ಹತ್ತಿರ ಸಲೈನಿನ ಖಾಲಿ ಗಾಜಿನ ಬಾಟಲಿಗಳನ್ನು ತೊಳೆಯುತ್ತಿದ್ದಳು.

“ಹೂವು ಹಾಕಿ ಬಾಣಂತ್ಯಾರ ಮಂಚದ ಬಾಜೂಕ ಇಡಾಕ್ರಿ,” ಅಂದಳು. “ಮಿರಜದಾಗ ಟ್ರೇನಿಂಗ್ ಮಾಡುವಾಗ ನೋಡಿದ್ದೆ. ಹೆತ್ತಾಕಿ ಕಣ್ಣು ಬಿಟ್ಟ ಕೂಡಲೇ ಒಂದ ಹೂವು ಕಾಣಬೇಕು. ಇಲ್ಲಿ ಕಣ್ಣ ಬಿಟ್ರ ಸುಣ್ಣಾ ಉದುರಿದ ಗ್ವಾಡಿ ಕಾಣ್ತೈತಿ.”

ಆಮೇಲೆ ಅವನು ತಂದ ದಂಟುಗಳನ್ನು ನೋಡಿ ಹಣೆ ಬಡಿದುಕೊಂಡಳು. “ಇದೇನ್ರಿ, ಹಲ್ಲಿಲೆ ಕಡಕೊಂಡ ಬಂದೀರೇನು?”

“ಕೈಲೆ ಚಿವುಟಿದ್ನಿರಿ.”

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಕತ್ತರಿ ತೆಗೆದು ಒಂದು ದಂಟನ್ನು ನೀರಿನೊಳಗೇ ಹಿಡಿದು ಓರೆಯಾಗಿ ಕತ್ತರಿಸಿದಳು. “ಹಿಂಗ. ಓರೆ ಕೊಯ್ದ್ರ ಬಾಯಿ ದೊಡ್ಡದಾಗ್ತೈತಿ, ನೀರು ಕುಡೀತೈತಿ. ಕೊಯ್ದ ಹೂವಿಗೂ ನೀರಡಿಕಿ ಇರ್ತೈತ್ರಿ.”

ಅದು ಸೋಮನಿಂಗನಿಗೆ ಹೊಸ ಮಾತು. ಹುಟ್ಟಿದಾಗಿನಿಂದ ಹೂವು ಕೊಯ್ದವನಿಗೆ, ಕೊಯ್ದ ಮೇಲೂ ಅದಕ್ಕೊಂದು ಬದುಕಿದೆ ಎಂದು ಯಾರೂ ಹೇಳಿರಲಿಲ್ಲ.

ಹೆಸರು ಶಮ್ಶುನ್ನೀಸಾ, ಸಿಂದಗಿಯವಳು, ತಂದೆ ತಾಯಿ ಇಲ್ಲ, ಸೋದರಮಾವ ಬೆಳೆಸಿ ಓದಿಸಿದ್ದು. ಇಷ್ಟೆಲ್ಲ ಅವಳೇ ಹೇಳಿದಳು, ಬಾಟಲಿ ತೊಳೆಯುತ್ತಲೇ.

ಆಮೇಲೆ ದಿನಾ ಬೆಳಗ್ಗೆ ಗುಡಿಯ ಬುಟ್ಟಿ ಮುಟ್ಟಿಸಿ ಅವನು ಬೇವಿನ ಗಿಡದ ಕೆಳಗೆ ಬರುತ್ತಿದ್ದ. ಅವಳು ಓರೆ ಕೊಯ್ಯುವುದನ್ನು ಕಲಿಸಿದಳು. ಅವನು ಹೂವು ಕೊಳ್ಳುವುದನ್ನು ಕಲಿಸಿದ.

“ಹೂವಿನ ಮಾರಿ ನೋಡಿ ಮರುಳಾಗಬ್ಯಾಡ್ರಿ ಬಾಯಾರ. ಮಾರಿಗೆ ನೀರ ಹೊಡದ್ರ ನಿನ್ನಿದೂ ನಗ್ತೈತಿ. ತಿರುವಿ ಬೆನ್ನ ನೋಡ್ರಿ. ತೊಟ್ಟು ಹಸರ ಇತ್ತಂದ್ರ ಇವತ್ತಿಂದು.”

“ಎಲ್ಲಾ ಅರಳಿದ್ದು ತಗೊಂಡ್ರ?”

“ಇವತ್ತ ಒಂದ ದಿನ ಸುಖ. ಅರ್ಧಾ ಅರಳಿದ್ದು ತಗೊಂಡ್ರ ನಿಮ್ಮ ಕಣ್ಣ ಮುಂದ ಅರಳ್ತೈತಿ. ಅದರ ಮಜಾನ ಬ್ಯಾರೆ.”

ಅವಳು ಕೈಯಲ್ಲಿದ್ದ ಸುಗಂಧರಾಜದ ದಂಟನ್ನು ತಿರುಗಿಸಿ ನೋಡಿದಳು. ಕೆಳಗಿನ ಎರಡು ಹೂವು ಅರಳಿದ್ದವು, ಮೇಲಿನವು ಇನ್ನೂ ಬೆರಳು ಮಡಿಸಿಕೊಂಡಿದ್ದವು.

“ನೀವು ಖರೇನೂ ಒಮ್ಮಿನೂ ಮೂಸಿಲ್ಲ?”

“ಇಲ್ರಿ. ಸಣ್ಣಾವ ಇದ್ದಾಗ ಒಮ್ಮಿ ಮೂಗಿನ ತನಕಾ ಒಯ್ದಿದ್ದೆ. ಅಪ್ಪ ಹೊಡದಾ ನೋಡ್ರಿ, ಮೂಗಿನ್ಯಾಗ ಹೂವಿನ ಬದಲಿ ರಕ್ತಾ ಬಂತು.” ನಕ್ಕ. “ವಾಸನಿ ಗಾಳ್ಯಾಗ ಬರ್ತೈತಲ್ರಿ. ಸಾಕು.”

“ಗಾಳ್ಯಾಗ ಬಂದದ್ದು ಬ್ಯಾರೆ, ಹತ್ರ ತಂದದ್ದು ಬ್ಯಾರೆ.”

ಹಾಗೆಂದವಳೇ ಆ ದಂಟನ್ನು ಅವನ ಮುಖದ ಮುಂದೆ ಹಿಡಿದುಬಿಟ್ಟಳು. ಅವನು ಹಿಂದೆ ಸರಿಯಲಿಲ್ಲ. ಕೈ ಅಡ್ಡ ತರಲಿಲ್ಲ. ಉಸಿರು ಮಾತ್ರ ಹಿಡಿದ. ಬಿಳಿ ಹೂವಿನ ಆಚೆ ಅವಳ ಕಣ್ಣು ನಗುತ್ತಿದ್ದವು, ನಗುತ್ತ ನಗುತ್ತ ನಗು ಬಿಟ್ಟವು. ಮೇಲೆ ಬೇವಿನ ಟೊಂಗೆಯಲ್ಲಿ ಗಿಳಿಯೊಂದು ಕೂಗಿ ಹಾರಿತು. ಅವನ ಕಿವಿ ಕೆಂಪಾದವು.

“ಸಾಯ್ತೀರಿ, ಉಸರಾ ಬಿಡ್ರಿ!” ಅಂದು ಹೂವು ಕೆಳಗಿಳಿಸಿದಳು.

ರೇವವ್ವನಿಗೆ ಕಣ್ಣಿರಲಿಲ್ಲವೇ? “ದೇವರ ಬುಟ್ಟಿಕಿಂತ ದವಾಖಾನಿ ಬುಟ್ಟಿ ದೊಡ್ಡದಾತಲ್ಲೋ ಸೋಮ್ಯಾ,” ಎನ್ನುತ್ತಿದ್ದಳು. “ಅಕಿ ಛಲೋ ಹುಡುಗಿ ಐತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಿನ್ನ ತಂಗೀನ ಯಾರ ತಗೋತಾರ? ಗುಡಿ ಮೆಟ್ಟಲಾ ನಮಗ ಯಾರ ಹತ್ತಗೊಡ್ತಾರ?” ಬೈಗುಳವಾಗಿದ್ದರೆ ತಿರುಗಿ ಮಾತಾಡಬಹುದಿತ್ತು. ಅವ್ವ ಇದನ್ನು ಹೇಳುವಾಗ ಅವನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು.

ತಂಗಿ ಹೊನ್ನವ್ವನಿಗೆ ಮುದ್ದೇಬಿಹಾಳದ ಹೂಗಾರರ ಮನೆಯ ಸಂಬಂಧ ಮಾತಿನಲ್ಲಿತ್ತು.

ಸಂಕ್ರಾಂತಿ ಕಳೆದ ಮೇಲೊಂದು ಬೆಳಗ್ಗೆ ಶಮ್ಶುನ್ನೀಸಾ ಬಾಟಲಿ ತೊಳೆಯದೆ ಸುಮ್ಮನೆ ಕೂತಿದ್ದಳು.

“ಸಿಂದಗಿಯಿಂದ ಮಾಮಾ ಬಂದಿದ್ದ.”

“ಆರಾಮ ಅದಾರೇನ್ರಿ?”

“ಅದಾನ. ಸೋಲಾಪುರದಾಗ ಒಂದ ಮನಿ ನೋಡ್ಯಾನ. ಗಿರಣ್ಯಾಗ ಕೆಲಸಾ ಮಾಡಾವ. ಹೆಂಡ್ತಿ ತೀರಿಕೊಂಡಾಳ. ಮನಶ್ಯಾ ಛಲೋ ಅಂತ.”

ಸೋಮನಿಂಗ ಒಂದು ಸೇವಂತಿಗೆಯ ದಂಟು ತೆಗೆದುಕೊಂಡು ಓರೆಯಾಗಿ ಕತ್ತರಿಸಿದ. ಮತ್ತೆ ಕತ್ತರಿಸಿದ. ಮತ್ತೆ. ಕೊನೆಗೆ ಕೈಯಲ್ಲಿ ಬರೀ ಹೂವು ಉಳಿಯಿತು.

“ಹೂಗಾರ್ರ, ಅದರ ದಂಟು ಮುಗೀತು. ಬಿಡ್ರಿ ಇನ್ನ.”

ಅವನು ಕತ್ತರಿ ಕೆಳಗಿಟ್ಟ.

“ಶುಕ್ರವಾರ ಹೇಳ್ತೇನಿ ಅಂದೇನಿ ಮಾಮಾಗ,” ಅಂದಳು. “ನೀವು ಬಾಯಿಲೆ ಹೇಳಾವರಲ್ಲ, ನನಗ ಗೊತ್ತೈತಿ. ಹೂವಿನ ಬಗ್ಗೆ ಕೇಳಿದ್ರ ಮಧ್ಯಾಹ್ನದ ತನಕಾ ಹೇಳ್ತೀರಿ. ನಿಮ್ಮ ಬಗ್ಗೆ ಕೇಳಿದ್ರ ದಾರ ಹುಡುಕ್ತೀರಿ. ಅದಕ್ಕ ನಾ ಒಂದ ವಿಚಾರ ಮಾಡೇನಿ. ಶುಕ್ರವಾರ ಅಂಗಡಿಗಿ ಬರ್ತೇನಿ. ಒಂದ ಹೂವು ಹಿಡೀತೇನಿ. ನೀವು ಉಸರಾ ಎಳಕೊಂಡ್ರ ಸಾಕು, ಮಾಮಾಗ ಇಲ್ಲ ಅಂತೇನಿ.”

“ನಿಮ್ಮ ಮಾಮಾ ಸುಮ್ಮನಿರ್ತಾರೇನ್ರಿ?”

“ಬಾಗಲಾ ಹಾಕ್ತಾನ. ಹಾಕ್ಲಿ. ಕ್ವಾರ್ಟರ್ಸಿಗಿ ಒಂದ ಬಾಗಲಾ ಐತಿ, ಅದನ್ನ ನಾ ತಗೀತೇನಿ.” ಕತ್ತರಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಣ್ಣ ದನಿಯಲ್ಲಿ ಅಂದಳು: “ಉಸರಾ ಹಿಡದ್ರೂ ಸಿಟ್ಟಾಗಂಗಿಲ್ಲ. ನಿಮಗೂ ಮನಿ ಐತಿ.”

ಗುರುವಾರ ಇಡೀ ದಿನ ಸೋಮನಿಂಗ ಬೇರೆಯೇ ಮನುಷ್ಯನಾಗಿದ್ದ. ಬಾವಿಯಿಂದ ನೀರು ಸೇದುವಾಗ ‘ಎಳಕೋತೇನಿ’ ಅಂದುಕೊಂಡ. ಗುಡಿಯ ಮುಂದೆ ಹೋಗುವಾಗ, ಈ ಸೇವೆ ಹೋದರೆ ಹೋಗಲಿ, ಇನ್ನೊಂದು ಊರಲ್ಲಿ ಮಾಲೆ ಕಟ್ಟಿ ಬದುಕುತ್ತೇನೆ ಅಂದುಕೊಂಡ. ಹೊನ್ನವ್ವನ ಮುಖ ನೆನಪಾದಾಗ ಮಾತ್ರ ಹಗ್ಗ ಕೈಯಿಂದ ಜಾರಿತು. ಆದರೂ ಎಳೆದುಕೊಳ್ಳುತ್ತೇನೆ ಎಂದೇ ಮಲಗಿದ.

ಮುದ್ದೇಬಿಹಾಳದವರು ಬರಬೇಕಾದದ್ದು ರವಿವಾರ. ಅವರೋ ಶುಕ್ರವಾರವೇ ಮೊದಲ ಬಸ್ಸಿಗೆ ಬಂದಿಳಿದರು. ಮನೆಗೆ ಹೋಗುವ ಮುಂಚೆ ಅಂಗಡಿ ನೋಡೋಣ ಎಂದು ನೇರ ಅಲ್ಲಿಗೇ ಬಂದರು. ಹುಡುಗನ ತಂದೆ ಖಂಡೆಪ್ಪ ಹಲಗೆಯ ಮೇಲೆ ಕೂತ. ಅವನ ಹೆಂಡತಿ ರುಕ್ಮವ್ವ ಬುಟ್ಟಿ ಬುಟ್ಟಿ ಮುಟ್ಟಿ ನೋಡಿದಳು. ರೇವವ್ವ ಸಂಭ್ರಮದಲ್ಲಿ ಸೆರಗು ಸರಿಮಾಡಿಕೊಂಡು ಚಹಾಕ್ಕೆ ಹೇಳಿಕಳಿಸಿದಳು.

“ದೇವರ ಹೂವು ಮಡೀಲೆ ಕೊಯ್ತೀರಿ ಹೌದಲ್ರಿ?” ಖಂಡೆಪ್ಪ ಕೇಳಿದ.

“ನನ್ನ ಮಗಾ ಇವತ್ತಿನತನಕಾ ಒಂದ ಹೂವು ಮೂಸಿಲ್ರಿ ಬೀಗರ,” ಅಂದಳು ರೇವವ್ವ.

ಆ ಮಾತು ಮುಗಿಯುವುದಕ್ಕೂ ಬಿಳಿ ಸೀರೆ ದಾರಿಯ ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು.

ಅವಳು ಇವತ್ತು ನರ್ಸಿನ ಹೊಸ ಟೊಪ್ಪಿಗೆ ಹಾಕಿದ್ದಳು, ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಕೈಯಲ್ಲಿ ಒಂದೇ ಒಂದು ಸುಗಂಧರಾಜದ ದಂಟು. ಹೊಸಬರನ್ನು ನೋಡಿದಳು, ಯಾರೆಂದು ತಿಳಿಯಲಿಲ್ಲ. ಅವಳ ಕಣ್ಣು ಅವನೊಬ್ಬನ ಮೇಲೇ ಇತ್ತು. ಹಲಗೆಯ ಮುಂದೆ ಬಂದು ನಿಂತು, ಮಾತಿಲ್ಲದೆ ಆ ಹೂವನ್ನು ಅವನ ಮುಖದ ಮುಂದೆ ಹಿಡಿದಳು.

ಖಂಡೆಪ್ಪ ಕೂತಲ್ಲೇ ನೆಟ್ಟಗಾದ. ರೇವವ್ವನ ಬಾಯಿ ತೆರೆದೇ ಉಳಿಯಿತು. ಸೋಮನಿಂಗನ ತೊಡೆಯ ಮೇಲೆ ಗುಡಿಯ ಬುಟ್ಟಿ ಇತ್ತು.

ಬಿಳಿ ಹೂವು ತುಟಿಗೆ ತಾಕುವಷ್ಟು ಹತ್ತಿರ. ಅದರ ಎಸಳ ಮೇಲಿನ ಒಂದು ಹನಿ ನೀರು ಅವನಿಗೆ ಕಾಣುತ್ತಿತ್ತು. ಎಳೆದುಕೊಳ್ಳಬೇಕು. ಇಷ್ಟೇ. ಹೊನ್ನವ್ವ ಮನೆಯಲ್ಲಿ ಅವ್ವನ ಹಳೆಯ ಇಳಕಲ್ ಸೀರೆ ಉಟ್ಟು ಕಾಯುತ್ತಿರಬಹುದು.

ಅವನು ಉಸಿರು ಹಿಡಿದ.

ಹನಿ ಜಾರಿ ಬುಟ್ಟಿಯೊಳಗೆ ಬಿತ್ತು. ಶಮ್ಶುನ್ನೀಸಾ ಅವನ ಮುಖ ನೋಡಿದಳು, ಮೊದಲ ಸಲ ಸುತ್ತಲಿನವರ ಮುಖಗಳನ್ನೂ ಸರಿಯಾಗಿ ನೋಡಿದಳು. ಎಲ್ಲವೂ ತಿಳಿಯಿತು. ನಿಧಾನಕ್ಕೆ ಹೂವನ್ನು ಕೆಳಗಿಳಿಸಿದಳು.

“ನೋಡ್ರಿ ಇಲ್ಲಿ ಹೂಗಾರ್ರ,” ಅಂದಳು ದನಿ ಏರಿಸಿ, ಜಗಳಕ್ಕೆ ಬಂದ ಗಿರಾಕಿಯ ಹಾಗೆ. “ನಿನ್ನೆ ಕೊಟ್ಟದ್ದು ಹಳೀ ಹೂವು ಅಂತ ತೋರಸಾಕ ತಂದಿದ್ದೆ.”

ಅವನು ಹಿಡಿದಿದ್ದ ಉಸಿರು ಬಿಟ್ಟ. “ಹೊಸಾದ ಐತ್ರಿ.”

ಅವಳು ದಂಟು ತಿರುವಿ ಹೂವಿನ ಬೆನ್ನು ನೋಡಿದಳು, ಅವನೇ ಕಲಿಸಿದ ಹಾಗೆ. “ಹೌದ್ರಿ. ಹೊಸಾದ ಐತಿ. ನಾನ ತಪ್ಪ ತಿಳಕೊಂಡೆ.” ರೇವವ್ವನ ಕಡೆ ತಿರುಗಿ ಕೈಮುಗಿದಳು. “ಬರ್ತೇನ್ರಿ ಅವ್ವಾರ. ಮನಿಗಿ ಬೀಗರು ಬಂದಾರ, ಒಳ್ಳೇದಾಗ್ಲಿ.”

“ಜಗಳಗಂಟಿ ಐತಿ ಹುಡುಗಿ,” ಅಂದಳು ರುಕ್ಮವ್ವ ಅವಳು ಹೋದ ಮೇಲೆ.

“ಇಲ್ಲ ಬಿಡವಾ,” ಅಂದಳು ರೇವವ್ವ. ಮಗನ ಮುಖ ನೋಡಲಿಲ್ಲ. “ಅಕಿ ಜಗಳಗಂಟಿ ಅಲ್ಲ.”

ಹೊನ್ನವ್ವನ ಸಂಬಂಧ ಕೂಡಿತು. ಬೇವಿನ ಗಿಡದ ಕೆಳಗೆ ಹೂವು ತಲುಪುತ್ತಲೇ ಇದ್ದವು, ಆದರೆ ಈಗ ಅವನು ನಳದ ಕಟ್ಟೆಯ ಮೇಲಿಟ್ಟು ಬಂದುಬಿಡುತ್ತಿದ್ದ. ಶಿವರಾತ್ರಿ ಕಳೆದ ಮೇಲೆ ನರ್ಸಬಾಯಿ ಸೋಲಾಪುರದ ಸಂಬಂಧ ಒಪ್ಪಿ, ನೌಕರಿ ಬಿಟ್ಟು ಹೊರಟಿದ್ದಾಳೆಂದು ದವಾಖಾನೆಯ ಆಯಾ ಹೇಳಿದಳು.

ದೇವರ ಹಿಪ್ಪರಗಿ ಹಾಯ್ದು ಹೋಗುವ ಸಿಂದಗಿ ಬಸ್ಸು ಬೆಳಗ್ಗೆ ಹೊರಡುತ್ತಿತ್ತು. ಸೋಮನಿಂಗ ಗುಡಿಗೆ ಹೋಗುವ ಬುಟ್ಟಿ ಹಿಡಿದೇ ಬಂದ. ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸುಗಂಧರಾಜ. ಅವಳು ಕಿಟಕಿಯ ಪಕ್ಕ ಕೂತಿದ್ದಳು. ಕಿಟಕಿಯ ಸರಳುಗಳ ನಡುವೆ ಕಟ್ಟನ್ನು ಒಳಗೆ ಕೊಟ್ಟ.

ಅವಳು ಬಟ್ಟೆ ಬಿಚ್ಚಿ ದಂಟಿನ ತುದಿ ನೋಡಿದಳು.

“ಓರೆ ಕೊಯ್ದೀರೇನು?”

“ಓರೆ ಕೊಯ್ದೇನ್ರಿ. ಎಲ್ಲಾ ಅರ್ಧಾ ಅರಳಿದ್ದು ಅದಾವ. ಸೋಲಾಪುರ ಮುಟ್ಟಿದ ಮ್ಯಾಲೂ ಅರಳ್ತಾವ.”

ಕಂಡಕ್ಟರ್ ಸೀಟಿ ಊದಿದ.

“ಬಾಣಂತ್ಯಾರ ಬಾಟ್ಲಿ ಖಾಲಿ ಇಡಬ್ಯಾಡ್ರಿ.”

“ಇಡಂಗಿಲ್ರಿ.”

ಅವಳು ಕಟ್ಟಿನೊಳಗಿಂದ ಒಂದು ದಂಟು ಎಳೆದು ಸರಳುಗಳಾಚೆ ಚಾಚಿದಳು. ಮುಖದ ಹತ್ತಿರ ತರಲಿಲ್ಲ, ಅವನ ಕೈಯಲ್ಲಿದ್ದ ಬುಟ್ಟಿಯ ಮೇಲೆ ಇಟ್ಟಳು.

“ಇದನ್ನ ನಾ ಮೂಸಿಲ್ರಿ,” ಅಂದಳು. “ದೇವರಿಗಿ ಏರಸಾಕ ಬರ್ತೈತಿ.”

ಬಸ್ಸು ಹೊರಟಿತು. ಧೂಳಿನ ಜೊತೆ ಡೀಸೆಲ್ಲಿನ ಕರಿ ಹೊಗೆ ನಿಲ್ದಾಣದ ತುಂಬ ಕವಿಯಿತು. ಸೋಮನಿಂಗ ಗುಡಿಯ ಬುಟ್ಟಿಯನ್ನು ನೆಲಕ್ಕಿಟ್ಟ. ಆ ಒಂದು ಹೂವನ್ನು ಎತ್ತಿ ಮೂಗಿನ ಹತ್ತಿರ ತಂದು, ಹೊಗೆ ಕರಗುವ ತನಕ ಉಸಿರು ಹಿಡಿದು ನಿಂತ. ಆಮೇಲೆ ಎಳೆದುಕೊಂಡ.