ರಿವರ್‌ಮೆನ್ ತಂಡದ ಕೊನೆಯ ಸೀಸನ್

ಗ್ರಂಥಾಲಯದ ಮೇಜಿನ ಮೇಲೆ ಪುಸ್ತಿಕೆಯನ್ನು ತೆರೆದಿಟ್ಟು ಒಬ್ಬ ಮನುಷ್ಯ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಎಂಬತ್ತಾರರ ಫೈನಲ್ ಸೋತ ಮೇಲೆ ಚೆಂಡೆಸೆಯುತ್ತಿದ್ದ ಪಿಚರ್ ಆರ್ಲೋ ಟಿಲ್‌ಮನ್ ಊರು ಬಿಟ್ಟುಹೋದ ಅಂತ ಬರೆದಿದ್ದೀರಿ. ನಾನು ಎಲ್ಲಿಗೂ ಹೋಗಿಲ್ಲ ಮೇಡಂ. ಇಪ್ಪತ್ತೆಂಟು ವರ್ಷದಿಂದ ಅದೇ ಮೈದಾನದ ಹುಲ್ಲು ನೋಡ್ಕೊಂಡಿದ್ದೀನಿ."

ಗ್ರಂಥಪಾಲಕಿ ವರ್ನಾ ಕೊಸ್ಟೆಲಿಕ್‌ಗೆ ಮುಖ ಬಿಸಿಯಾಯಿತು. ಹಾಲ್ಬರ್ಟ್ ಫಾಲ್ಸ್ ಊರಿನ ರಿವರ್‌ಮೆನ್ ಬೇಸ್‌ಬಾಲ್ ತಂಡದ ಚರಿತ್ರೆಯನ್ನು ಎಪ್ಪತ್ತೈದನೇ ವರ್ಷಕ್ಕೆಂದು ಬರೆದವಳು ಅವಳೇ. ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿದ್ದಳು; ಮೈದಾನಕ್ಕೆ ಹೋಗಿ ಒಬ್ಬರನ್ನೂ ಕೇಳಿರಲಿಲ್ಲ.

"ಹಾಗಾದ್ರೆ ನಡೆದದ್ದೇನು, ನೀವೇ ಹೇಳಿ," ಅಂದಳು.

"ಇಲ್ಲಿ ಕೂತು ಹೇಳೋದಲ್ಲ. ಅಲ್ಲಿಗೆ ಬನ್ನಿ."

ಶನಿವಾರ ಹೋದಳು. ಕಾಗದದ ಮಿಲ್ಲಿನ ಕೆಲಸಗಾರರು ಪಾಳಿ ಮುಗಿಸಿ ಬಂದು ಮೊದಲ ಗ್ಯಾಲರಿ ಕಟ್ಟಿದ್ದು, ನದಿ ಉಕ್ಕಿದ ವರ್ಷ ಆಟಗಾರರು ದೋಣಿಯಲ್ಲಿ ಮನೆಮನೆಗೆ ಬ್ರೆಡ್ ಹಂಚಿದ್ದು, ಎಲ್ಲವನ್ನೂ ಆರ್ಲೋ ಕೆಲಸ ಮಾಡುತ್ತಲೇ ಹೇಳಿದ. ತನ್ನ ಬಗ್ಗೆ ಮಾತ್ರ ಎರಡೇ ಮಾತು. ಫೈನಲ್ ದಿನ ಭುಜಕ್ಕೆ ಪೆಟ್ಟಾಗಿ ಆಟ ನಿಂತಿತು, ಮರುವಾರ ಮಿಲ್ ಮುಚ್ಚಿತು. ಅರ್ಧ ಊರು ಖಾಲಿಯಾದಾಗ, ತಾನೂ ಹೋದರೆ ಮೈದಾನ ಕಾಡಾಗುತ್ತದೆ ಅನ್ನಿಸಿತಂತೆ.

ಅಲ್ಲಿಂದ ಪ್ರತಿ ಶನಿವಾರವೂ ಕೇಳುವುದಕ್ಕೆ ಏನಾದರೊಂದು ಉಳಿದಿರುತ್ತಿತ್ತು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದ್ದ ವರ್ನಾ ಹೊಸ ಸ್ಕಾರ್ಫ್ ಕೊಂಡಳು. ಆರ್ಲೋ ಅದನ್ನು ನೋಡಿ, ನೋಡದವನ ಹಾಗೆ ಸುಣ್ಣದ ಗೆರೆ ಎಳೆದ.

"ಸೊಟ್ಟಗಿದೆ," ಅಂದಳು.

"ನೀವು ಬಿಸಿಲಿಗೆ ಅಡ್ಡ ನಿಂತಿದ್ದೀರಿ," ಅಂದ. ಬಿಸಿಲು ಅವನ ಬೆನ್ನ ಹಿಂದಿತ್ತು.

ಜುಲೈನಲ್ಲಿ ಸುದ್ದಿ ಬಂತು. ಮಾಲೀಕರು ತಂಡವನ್ನು ಆರುನೂರು ಮೈಲಿ ಆಚೆಯ ಊರಿನವರಿಗೆ ಮಾರಿದ್ದರು; ಸೀಸನ್ ಮುಗಿದೊಡನೆ ತಂಡ ಅಲ್ಲಿಗೆ ಹೋಗಲಿತ್ತು. ಅಲ್ಲಿ ಹೊಸ ಮೈದಾನ ಸಿದ್ಧಮಾಡಿಕೊಡಲು ಒಂದು ವರ್ಷಕ್ಕೆ ಸಹಿ ಹಾಕಿದ್ದೇನೆಂದು ಆರ್ಲೋನೇ ಹೇಳಿದ. ಒಳ್ಳೆಯದಾಯಿತು ಎಂದು ಹೇಳಿ ವರ್ನಾ ಮನೆಗೆ ಬಂದಳು. ಮಾಡಿದ್ದ ಸೂಪನ್ನು ಮುಟ್ಟದೆ ಎತ್ತಿಟ್ಟಳು.

ಕೊನೆಯ ಪಂದ್ಯ ಮುಗಿದ ಮಧ್ಯಾಹ್ನ, ಯಾರನ್ನೂ ಹುಲ್ಲು ಮೆಟ್ಟಲು ಬಿಡದ ಆರ್ಲೋ ತಾನೇ ಗೇಟು ತೆರೆದ. ಜನ ಕೆಳಗಿಳಿದರು. ಕೆಲವರು ಮಣ್ಣನ್ನು ಜಾಡಿಗೆ ತುಂಬಿಕೊಂಡರು. ವರ್ನಾ ಶೂ ಕಳಚಿ ಅವನಿದ್ದಲ್ಲಿಗೆ ನಡೆದಳು.

"ಹೋಗಬೇಡಿ."

"ಮಾತು ಕೊಟ್ಟಾಗಿದೆ ವರ್ನಾ."

"ಗೊತ್ತು. ಹೇಳದೆ ಕಳಿಸೋಕಾಗಲಿಲ್ಲ, ಅಷ್ಟೆ. ನೀವಂದ್ರೆ ನಂಗಿಷ್ಟ."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಇದನ್ನ ಜೂನ್‌ನಲ್ಲಿ ಹೇಳಿದ್ದಿದ್ರೆ ಸಹಿನೇ ಹಾಕ್ತಿರಲಿಲ್ಲ."

"ಜೂನ್‌ನಲ್ಲಿ ನೀವೂ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು," ಎಂದು ಒಪ್ಪಿಕೊಂಡ.

ಒಂದು ಚಳಿಗಾಲ, ಒಂದು ಬೇಸಿಗೆ ಹೋಯಿತು. ಭಾನುವಾರ ಅಲ್ಲಿಂದ ಆರ್ಲೋನ ಫೋನ್ ಬರುತ್ತಿತ್ತು. ಅಲ್ಲಿಯ ಮಣ್ಣು ಬರೀ ಜಿಗುಟು ಎಂದು ಅವನು ಬೈದರೆ ಅವಳು ನಗುತ್ತಿದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆದ ಹತ್ತು ನಿಮಿಷಕ್ಕೆ ಆರ್ಲೋ ಒಳಗೆ ಬಂದ. ಹೊರಗೆ ಅವನ ಟ್ರಕ್ಕಿನ ತುಂಬ ಸಾಮಾನು. ಹೈಸ್ಕೂಲಿನವರು ಹಳೇ ಮೈದಾನ ವಹಿಸಿಕೊಂಡಿದ್ದಾರೆ, ನೋಡಿಕೊಳ್ಳಲು ಕರೆದಿದ್ದಾರೆ ಎಂದ. ಆಮೇಲೆ, ಲೈಬ್ರರಿ ಕಾರ್ಡ್ ಬೇಕಿತ್ತು ಎಂದ.

ವರ್ನಾ ಅರ್ಜಿ ತೆಗೆದು ಹೆಸರನ್ನು ತಾನೇ ತುಂಬಿದಳು.

"ವಿಳಾಸ?"

"ಅದನ್ನ ನೀನೇ ಹೇಳಬೇಕು," ಅಂದ.

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಮನೆಯ ನಂಬರ್ ಬರೆದಳು.