ಐವತ್ತೆಂಟರ ಲೆನ್ಸು

“ಅದು ಬ್ಯಾಡ ತೋಂಟೇಶಪ್ಪಾ. ಐವತ್ತರದ್ದ ತಗೋ.”

ಜಂಗಮವಾಡಿ ಮಠದ ಹಿರಿಯ ಕೊಟ್ಟೂರಯ್ಯನವರ ದನಿ ಸಣ್ಣಗೆ ನಡುಗಿತು. ಕಾಶಿಯ ಲಂಕಾ ಬಡಾವಣೆಯ ಆ ಹಳೇ ಕ್ಯಾಮೆರಾ ಅಂಗಡಿಯಲ್ಲಿ ಬೂಷ್ಟಿನ ವಾಸನೆ, ಅದರಡಿಯಲ್ಲಿ ಸುಟ್ಟ ತುಪ್ಪದಂಥ ಇನ್ನೊಂದು ವಾಸನೆ. ಗಾಜಿನ ಮೇಜಿನ ಮೇಲೆ ಎರಡು ಲೆನ್ಸುಗಳು. ಐವತ್ತು ಮಿಲಿಮೀಟರಿನದರ ಅಂಚಿಗೆ ಬೂಷ್ಟು ಹತ್ತಿ ನೋಟ ಮಂಕಾಗಿತ್ತು. ಐವತ್ತೆಂಟರದು ಅಗಲ ಬಾಯಿಯದು, ತಿಳಿಗಾಜು; ಬಾಗಿಲಿನ ಬೆಳಕನ್ನೆಲ್ಲ ಅದೊಂದೇ ಕುಡಿಯುತ್ತಿತ್ತು.

ತೊಂಬತ್ತೆರಡನೇ ಇಸವಿಯ ಬೇಸಿಗೆ. ಗದಗದಿಂದ ಕಾಶಿಗೆ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ ತೋಂಟೇಶನ ಮನೆಯಲ್ಲಿ ತಂದೆಯ ಕಾಲದ ಕ್ಯಾಮೆರಾ ಇತ್ತು, ಅದಕ್ಕೆ ಲೆನ್ಸಿರಲಿಲ್ಲ. ಹಿಂದಿಯ ಆಸರೆಗೆಂದು ಅಯ್ಯನವರನ್ನು ಕರೆತಂದಿದ್ದ. ಅವರು ಹೆದರಿಕೆಯನ್ನೂ ಜೊತೆಗೆ ಕರೆತಂದಿದ್ದರು.

“ಘಾಟಿನ್ಯಾಗ ಹೆಣದ ಫೋಟೊ ತಗೀತಿದ್ದವನ ಲೆನ್ಸು ಇದು. ಅವನ ಹೇಣ್ತಿ ಸತ್ತಳು. ಇದರಾಗರ ಕಾಣಲಿ ಅಂತ ಮಸಣದಾಗ ಮಾಟ ಮಾಡಿಸಿದ. ಕಂಡಳು. ಆಮ್ಯಾಲೆ ಇದಕ್ಕ ಅದ ರೂಢಿ ಆತು, ಇದ್ದವರನ್ನೂ ತನ್ನೊಳಗ ಇಟಗೊಂತೈತಿ. ನೋಡೂದ ಆದ್ರ ಒಂದ ಕಣ್ಣು ಮುಚಗೊಂಡು ನೋಡಪಾ. ಎರಡೂ ತಗೀಬ್ಯಾಡ.”

“ಎರಡೂ ತಗೀ... ಬ್ಯಾ... ಡ...” ತೋಂಟೇಶ ಆ ನಡುಗುದನಿಯನ್ನು ಅವರಿಗೇ ತಿರುಗಿಸಿ ಕೊಟ್ಟ. ಮ್ಯಾನೇಜರನಿಂದ ಹಿಡಿದು ರೇಡಿಯೋ ವಾರ್ತೆಯವರೆಗೆ ಯಾರ ದನಿಯನ್ನೂ ಬಿಟ್ಟವನಲ್ಲ. “ಅಯ್ಯಾರ, ಈ ಲೆನ್ಸಿನ ಪರೀಕ್ಷಾನ ಅದು! ಒಂದು ಕಣ್ಣು ಕ್ಯಾಮೆರಾದಾಗ, ಒಂದು ಹೊರಗ. ಎರಡಕ್ಕೂ ಮನಷಾ ಒಂದ ಅಳತ್ಯಾಗ ಕಾಣಬೇಕು. ಐವತ್ತರಾಗ ಸಣ್ಣ ಕಾಣ್ತಾನ.”

ಅಂಗಡಿಯವನು ನಗಲಿಲ್ಲ. ಐವತ್ತೆಂಟನ್ನು ಬರಿಗೈಯಲ್ಲಿ ಮುಟ್ಟದೆ, ಬಟ್ಟೆಯಲ್ಲಿ ಹಿಡಿದು ಮುಂದೆ ತಳ್ಳಿದ.

ಸಂಜೆ ಮನೆಯ ಮಾಳಿಗೆಯ ಮೇಲೆ ಹೆಂಡತಿ ಮಹೇಶ್ವರಿ ಒದ್ದೆ ಸೀರೆ ಹರವುತ್ತಿದ್ದಳು. ತೋಂಟೇಶ ಲೆನ್ಸನ್ನು ತಿರುಗಿಸಿ ಕೂಡಿಸಿದ. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿದ. ಎಡಗಣ್ಣು ತೆರೆದೇ ಇತ್ತು. ಇಬ್ಬರು ಮಹೇಶ್ವರಿಯರು, ಒಂದೇ ಅಳತೆ. ಜಾರಿದರು. ಹತ್ತಿರ ಬಂದರು. ಒಂದಾದರು.

ಎಡಗಣ್ಣಿನಲ್ಲಿ ಹಗ್ಗವಷ್ಟೇ ಉಳಿಯಿತು. ಸೀರೆ. ಬರಿ ಮಾಳಿಗೆ.

“ಆತೇನ್ರೀ? ನಿಂತು ನಿಂತು ಕಾಲು ಬಿದ್ದು ಹೋದವು.” ಕ್ಯಾಮೆರಾದೊಳಗೆ ಅವಳು ನಗುತ್ತಿದ್ದಳು. ದನಿ ಡಬ್ಬಿಯೊಳಗಿನಿಂದ ಬಂದಂತಿತ್ತು.

ಗಾಬರಿಯಲ್ಲಿ ಎಡಗಣ್ಣು ಮುಚ್ಚಿ ಕ್ಯಾಮೆರಾ ಇಳಿಸಿದ. ಅವಳು ಇದ್ದಳು. ಎಡಗಣ್ಣು ತೆರೆದ. ಇಲ್ಲ. ಮುಚ್ಚಿದ. ಇದ್ದಳು. ಭ್ರಮೆಯಿರಬೇಕೆಂದು ಇನ್ನೊಮ್ಮೆ ತೆರೆದ. ಈ ಸಲ ಮುಚ್ಚಿದರೂ—

ಇಲ್ಲ.

ಎಡಗಣ್ಣು ತೆರೆಯದೆಯೇ ಕೂಗಿದ. ಗಲ್ಲಿಯ ಗುಡಿಗಂಟೆಗಳು ಮೊಳಗಿದವು, ನಿಂತವು. ಕತ್ತಲು ಇಳಿಯಿತು. ಆಮೇಲೆ ಬೆನ್ನ ಹಿಂದೆ ಸುಟ್ಟ ತುಪ್ಪದ ವಾಸನೆ. ತಿರುಗಿದರೆ ಮಹೇಶ್ವರಿ. ಕೈ ಹಿಡಿದರೆ ಮಂಜುಗಡ್ಡೆ.

“ಎಲ್ಲಿ ಹೋಗಿದ್ದಿ?”

“ಎಲ್ಲಿ ಹೋಗ್ಲಿ? ಇಲ್ಲೇ ಇದ್ದೆ. ಭಾಳ ಕತ್ತಲ ಇತ್ತಲ್ರೀ?”

ಮರುದಿನ ಲೆನ್ಸನ್ನು ಗಂಗೆಗೆ ಎಸೆದ. ಏನೂ ಬದಲಾಗಲಿಲ್ಲ; ಅವಳ ಕೈ ಇನ್ನೂ ತಣ್ಣಗೇ ಇತ್ತು. ಮಠಕ್ಕೆ ಹೋಗಿ ನಡೆದದ್ದನ್ನು ಹೇಳಿದರೆ ಕೊಟ್ಟೂರಯ್ಯನವರು ಬೈಯಲೂ ಇಲ್ಲ. “ಮುಚ್ಚಿದ ಕಣ್ಣು ಮುಚ್ಚೇ ಇರಲಿ. ಇನ್ನೊಮ್ಮೆ ತಗದ್ರ ಆಕಿ ಬರೂದಿಲ್ಲ” ಎಂದಷ್ಟೇ ಹೇಳಿದರು.

ಎಡಗಣ್ಣಿಗೆ ಹತ್ತಿಯಿಟ್ಟು ಪ್ಲಾಸ್ಟರ್ ಅಂಟಿಸಿಕೊಂಡ. ಬ್ಯಾಂಕಿನಲ್ಲಿ ‘ಸಮದರ್ಶಿ ಬಾಬು, ಎಲ್ಲರನ್ನೂ ಒಂದೇ ಕಣ್ಣಿನಿಂದ ಕಾಣುತ್ತಾರೆ’ ಎಂದು ನಕ್ಕರು. ಅವನೂ ನಕ್ಕ, ಸುಸ್ತಾಗಿ. ಹೆಂಡತಿಗೆ ನಿಜ ಹೇಳಿದ. ಹೇಳುವಾಗ ದನಿ ನಡುಗಿತು.

“ಅಯ್ಯಾರ ದನಿ ಅಗದೀ ಹುಬೇಹೂಬ ತಗದ್ರಿ ನೋಡ್ರಿ!” ಮಹೇಶ್ವರಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಿದ್ದೆ ಹತ್ತಿರ ಸುಳಿಯದಾಯಿತು. ನಿದ್ದೆಯಲ್ಲಿ ಪ್ಲಾಸ್ಟರ್ ಕಿತ್ತರೆ? ಬೆವರಿಗೆ ಬಿಚ್ಚಿದರೆ? ಅಂಗೈಯನ್ನು ಕಣ್ಣಿಗೊತ್ತಿ ಮಲಗುತ್ತಿದ್ದ. ಕೈ ಸೋಲುತ್ತಿತ್ತು. ಕೂತು ತೂಕಡಿಸುತ್ತಿದ್ದ. ಶ್ರಾವಣ ಬರುವ ಹೊತ್ತಿಗೆ ಅವನಲ್ಲಿ ದನಿಗಳೆಲ್ಲ ಸತ್ತಿದ್ದವು.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಧಗೆ. ಊಟ ಮಾಡಿ ಒರಗಿದವನು ತಿಂಗಳುಗಳ ನಿದ್ದೆಯೆಲ್ಲ ಒಮ್ಮೆಗೇ ಬಂದಂತೆ ಮುಳುಗಿದ. ಆಳದಲ್ಲೆಲ್ಲೋ ಬೆಚ್ಚಗಿನ ನೀರು ತಾಕಿತು. ಹಿತವಾಗಿತ್ತು. ಯಾರೋ ಮೆಲ್ಲಗೆ, ಒಂದೊಂದೇ ಎಳೆಯಾಗಿ, ಅಂಟು ಬಿಡಿಸುತ್ತಿದ್ದರು.

“ಎಷ್ಟ ಕೆಂಪಗಾಗೇತಿ ನೋಡ್ರಿ. ಕೀವಾದ್ರ ಏನ್ ಮಾಡೂದು?” ಮಹೇಶ್ವರಿಯ ದನಿ. “ಅಲುಗಾಡಬ್ಯಾಡ್ರಿ. ತೊಳೀತೀನಿ.”

ಬೇಡ ಎನ್ನಬೇಕಿತ್ತು. ನಾಲಿಗೆ ಏಳಲಿಲ್ಲ. ಅವಳ ಬೆರಳು ರೆಪ್ಪೆಯನ್ನು ಮೃದುವಾಗಿ ಮೇಲೆತ್ತಿತು.

“ಕಾಣಿಸ್ತೀನೇನ್ರೀ ನಾ—”

ಒದ್ದೆ ಹತ್ತಿ ಎದೆಯ ಮೇಲೆ ಬಿತ್ತು. ಬಟ್ಟಲು ನೆಲಕ್ಕುರುಳಿತು.

ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿದ. ಕಾದ. ಸುಟ್ಟ ತುಪ್ಪದ ವಾಸನೆಗಾಗಿ ಮೂಗರಳಿಸಿದ. ಬರೀ ಧೂಳು. ಸಂಜೆಯ ಗಂಟೆಗಳು ಮೊಳಗಿದವು, ನಿಂತವು. ಬಲಗಣ್ಣು ತೆರೆದು ನೋಡಬಹುದಿತ್ತು. ತೆರೆಯಲಿಲ್ಲ. ಎಡಗಣ್ಣ ರೆಪ್ಪೆಯ ಮೇಲೆ ಅವಳು ಹಚ್ಚಿದ ನೀರು ನಿಧಾನವಾಗಿ ಆರುತ್ತಿತ್ತು.