ದೂರದ ತಿರುವಿನ ಪಟ್ಟಿ

ನೋವಿನೆಣ್ಣೆಯ ವಾಸನೆ ಬಂದರೆ ಆರ್ಡಿಸ್ ಕ್ವಾಮ್‌ಗೆ ಈಗಲೂ ಅಪ್ಪನ ಕೈ ನೆನಪಾಗುತ್ತದೆ. ಶಾಲೆಯೊಂದರಲ್ಲಿ ಓಟದ ಕೋಚ್ ಆಗಿದ್ದ ಅಪ್ಪ ಚಳಿಗಾಲದ ಸಂಜೆಗಳಲ್ಲಿ ಹುಡುಗರ ಮೀನಖಂಡ ತಿಕ್ಕಿ ಮನೆಗೆ ಬರುತ್ತಿದ್ದ. ಅದೇ ಕೈಯಲ್ಲಿ ಅವಳ ಟೋಪಿಯ ದಾರ ಬಿಚ್ಚುತ್ತಿದ್ದ. ಉಣ್ಣೆಗೆ ಅಂಟಿದ ಆ ಘಾಟು ಹಿಮ ಕರಗುವವರೆಗೂ ಹೋಗುತ್ತಿರಲಿಲ್ಲ.

ಡಿಸೆಂಬರಿನ ಆ ಶನಿವಾರ, ಉತ್ತರ ಮಿನೆಸೋಟದ ಆ ಸಣ್ಣ ಕಾಲೇಜಿನ ಒಳಾಂಗಣ ಕ್ರೀಡಾಂಗಣದ ತುಂಬ ಅದೇ ವಾಸನೆ. ಋತುವಿನ ಮೊದಲ ಕೂಟ. ಊಟದ ಬಿಡುವು ಮುಗಿಯುವುದರಲ್ಲಿತ್ತು. ಮುಖ್ಯ ತೀರ್ಪುಗಾರ್ತಿ ಆರ್ಡಿಸ್, ಗಂಡಸರ ಓಟಕ್ಕೆ ಮೊದಲು ಟ್ರ್ಯಾಕ್ ಸರಿಯಿದೆಯೇ ಎಂದು ಒಂದು ಸುತ್ತು ನಡೆದು ನೋಡುತ್ತಿದ್ದಳು. ದೂರದ ತಿರುವಿಗೆ ಬಂದವಳು ಗಕ್ಕನೆ ನಿಂತಳು.

ಟ್ರ್ಯಾಕಿನ ಒಳ ಅಂಚಿನುದ್ದಕ್ಕೂ ಎರಡು ಬೆರಳೆತ್ತರ ನಿಲ್ಲುವ ಅಲ್ಯೂಮಿನಿಯಂ ಪಟ್ಟಿ ಮಾಯವಾಗಿತ್ತು. ಅದನ್ನು ಕೂರಿಸುವ ತೂತುಗಳು ಮಾತ್ರ ಬಾಯಿ ತೆರೆದುಕೊಂಡಿದ್ದವು.

ಹಿಂದೆಯೇ ಬಂದ ಇನ್ನೊಬ್ಬ ತೀರ್ಪುಗಾರ ಎತ್ತರ ಜಿಗಿತದ ಹಾಸಿಗೆಯ ಹಿಂದೆ ಇಣುಕಿದ. ಪಟ್ಟಿಗಳು ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

"ಬೆಳಿಗ್ಗೆ ಜಿಗಿತದವರು ತೆಗೆದಿಟ್ಟಿದ್ದು, ವಾಪಸ್ ಹಾಕೋದೇ ಮರ್ತಿದಾರೆ," ಅಂದ.

ಹಾಗೆ ಅನ್ನಿಸುವುದು ಸಹಜವೇ. ಎತ್ತರ ಜಿಗಿತದವರು ಆ ತಿರುವನ್ನು ಅಡ್ಡ ದಾಟಿಯೇ ಓಡಿಬರಬೇಕು. ಅವರಿಗಾಗಿ ಪಟ್ಟಿ ಕೀಳುವುದು, ಓಟಕ್ಕೆ ಮೊದಲು ಮತ್ತೆ ಕೂರಿಸುವುದು ರೂಢಿ. ಪಟ್ಟಿ ಇಲ್ಲದಿದ್ದರೆ ಓಟಗಾರರು ತಿರುವಿನಲ್ಲಿ ಅಂಚಿನ ಒಳಗೆ ಕಾಲಿಟ್ಟು ದೂರ ಕಡಿಮೆ ಮಾಡಿಕೊಳ್ಳಬಹುದು. ಆಗ ಆ ಓಟ ಲೆಕ್ಕಕ್ಕಿಲ್ಲ.

ಬಿಡುವಿಗೆ ಮೊದಲು ಕೊನೆಯದಾಗಿ ನಡೆದದ್ದು ಹೆಣ್ಣುಮಕ್ಕಳ ಒಂದು ಮೈಲಿ ಓಟ. ಅದನ್ನು ಗೆದ್ದವಳು ಇದೇ ಕಾಲೇಜಿನ ಮೈನೂ ಥಾವ್. ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡು. ದೇಶದ ಸಣ್ಣ ಕಾಲೇಜುಗಳಲ್ಲಿ ಆ ಚಳಿಗಾಲ ಯಾರೂ ಅಷ್ಟು ವೇಗವಾಗಿ ಓಡಿರಲಿಲ್ಲ. ಮಾರ್ಚಿನ ರಾಷ್ಟ್ರೀಯ ಕೂಟದ ಬಾಗಿಲು ಅವಳಿಗೆ ಆಗಲೇ ತೆರೆದಿತ್ತು. ಈಗ ಅದು ಮುಚ್ಚಿತು.

* * *

"ನನ್ನ ಹುಡುಗೀದೂ ಹೋಯ್ತಲ್ಲ!" ಎರಡನೆಯವಳಾಗಿ ಬಂದ ಹುಡುಗಿಯ ಕೋಚ್ ಕರ್ಟ್ ವೀಡ್‌ಮನ್ ಮೇಜು ಗುದ್ದಿದ. "ಅವಳು ಜನ್ಮದಲ್ಲಿ ಇಷ್ಟು ಚೆನ್ನಾಗಿ ಓಡಿರ್ಲಿಲ್ಲ. ಯಾವನೋ ಪಟ್ಟಿ ಮರೆತ್ರೆ ಅವಳೇನ್ ಮಾಡ್ತಾಳೆ ಆರ್ಡಿಸ್?"

"ಹೋಗ್ಲಿ ಬಿಡಿ ಕರ್ಟ್. ನಿಯಮ ಅಂದ್ಮೇಲೆ ನಿಯಮ," ಅಂದಳು ಮೈನೂಳ ಕೋಚ್ ಜೆನೆಲ್ ರಡ್. ಜೆನೆಲ್ ಒಂದು ಕಾಲದಲ್ಲಿ ಆರ್ಡಿಸ್ ಪಾಠ ಮಾಡುತ್ತಿದ್ದ ರಸಾಯನಶಾಸ್ತ್ರದ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಇಪ್ಪತ್ತು ವರ್ಷದಿಂದ ಇಲ್ಲೇ ಕೋಚ್.

ಮೈನೂ ಮುಂದೆ ಬಂದಳು. ಮುಖದ ಬೆವರು ಆರಿ ಉಪ್ಪಾಗಿತ್ತು.

"ಪಟ್ಟಿ ಇತ್ತು ಮಿಸೆಸ್ ಕ್ವಾಮ್. ನಾನು ಅದರ ಪಕ್ಕದಲ್ಲೇ ಓಡ್ದೆ. ನಾನು ಒಳಗೆ ಕಾಲಿಟ್ಟು ಓಡೋಳಲ್ಲ."

"ನಿನ್ನೊಬ್ಬಳ ಮಾತು ಸಾಲಲ್ಲಮ್ಮ. ಬೇರೆ ಯಾರಾದರೂ ನೋಡಿರಬೇಕು."

ಎರಡನೆಯವಳನ್ನು ಕೇಳಿದ್ದಾಯಿತು. "ನಾನು ಇವಳ ಜಡೆ ಬಿಟ್ಟು ಬೇರೇನೂ ನೋಡ್ಲಿಲ್ಲ," ಅಂದಳು. ಇನ್ನೂ ಅಲ್ಲಿ ಉಳಿದಿದ್ದ ಓಟಗಾರ್ತಿಯರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಕ್ಯಾಮೆರಾ ಇದ್ದದ್ದು ಮುಕ್ತಾಯದ ಗೆರೆಯ ಹತ್ತಿರ ಮಾತ್ರ. ದೂರದ ತಿರುವಿಗೆ ಗುಂಡು ಎಸೆಯುವವರ ಬಲೆ ಅಡ್ಡವಾಗಿತ್ತು. ಪಟ್ಟಿ ವಾಪಸ್ ಹಾಕಿದ್ದೆವು ಎಂದು ಜಿಗಿತದ ಸಿಬ್ಬಂದಿ ಆಣೆ ಮಾಡಿದರು. ತಪ್ಪು ಮಾಡಿದವರು ಮತ್ತೇನು ಹೇಳುತ್ತಾರೆ ಎಂದು ಜನ ನಕ್ಕರು.

ಪ್ರೇಕ್ಷಕರ ಮೆಟ್ಟಿಲುಗಳ ಮೇಲೆ ಆಗಲೇ ಮಾತು ಹಬ್ಬಿತ್ತು. "ಡಿಸೆಂಬರ್‌ನಲ್ಲಿ ಅಷ್ಟು ವೇಗ? ನಂಗೆ ಆಗ್ಲೇ ಡೌಟಿತ್ತು." "ಹೋದ ವರ್ಷ ಎಲ್ಲಿದ್ಲಂತೆ ಇವಳು?" ಮೈನೂ ಅದನ್ನು ಕೇಳಿಸಿಕೊಂಡೇ ಚೀಲ ಎತ್ತಿಕೊಂಡು ಹೊರಟಳು. ಅವಳು ಬಾಗಿಲು ತಳ್ಳುವ ಮೊದಲೇ ಜಾಡಮಾಲಿ ಪೊರಕೆ ಬದಿಗಿಟ್ಟು ಬಾಗಿಲು ಹಿಡಿದು ನಿಂತ. ಇಡೀ ಕಟ್ಟಡದಲ್ಲಿ ಆ ಹೊತ್ತು ಅವಳಿಗೆ ಸಿಕ್ಕ ಮರ್ಯಾದೆ ಅಷ್ಟೇ.

ಆರ್ಡಿಸ್ ಓಟವನ್ನು ರದ್ದುಮಾಡಿದಳು. ಅಂತಿಮ ಫಲಿತಾಂಶ ಕಳಿಸಲು ಸೋಮವಾರ ಮಧ್ಯಾಹ್ನದವರೆಗೆ ಸಮಯವಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಮನೆಗೆ ಹೊರಡುವ ಮುಂಚೆ ಕರ್ಟ್‌ನನ್ನು ಪಕ್ಕಕ್ಕೆ ಕರೆದಳು.

"ಬಿಡುವಿನಲ್ಲಿ ನೀವು ಆ ಬಲೆ ಹಿಂದೆ ನಿಂತಿದ್ರಂತೆ?"

"ಬಿಡುವು ಶುರುವಾದಾಗ ಹೆಂಡ್ತಿ ಜೊತೆ ಫೋನಲ್ಲಿ ಜಗಳ ಆಡಿ ಊಟಕ್ಕೆ ಹೋದೆ. ಈ ಡಬ್ಬಾ ಕಟ್ಟಡದಲ್ಲಿ ಸಿಗ್ನಲ್ ಸಿಗೋದು ಅಲ್ಲೊಂದೇ ಕಡೆ. ಬೇಕಾದ್ರೆ ಅವಳನ್ನೇ ಕೇಳಿ, ಇನ್ನೂ ಸಿಟ್ಟು ಇಳಿದಿಲ್ಲ." ಆಮೇಲೆ ದನಿ ತಗ್ಗಿಸಿದ. "ನನ್ನ ಮೇಲೆ ಅನುಮಾನಾನ? ನನ್ನ ಹುಡುಗಿ ಬೆವರಿಗೆ ನಾನೇ ಎಳ್ಳುನೀರು ಬಿಡ್ತೀನಾ?"

* * *

ಭಾನುವಾರ ಬೆಳಿಗ್ಗೆ ಆರ್ಡಿಸ್ ಅಡುಗೆಮನೆಯ ಮೇಜಿನ ಮೇಲೆ ಓಟದ ಸುತ್ತುಗಳ ಸಮಯ ಹರಡಿಕೊಂಡು ಕೂತಳು. ಮೈನೂಳ ಸುತ್ತುಗಳೆಲ್ಲ ಒಂದೇ ಹದ. ಮೋಸದಿಂದ ಬಂದ ವೇಗದಂತೆ ಕಾಣಲಿಲ್ಲ. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಎಲ್ಲರೂ ಗೆದ್ದವಳ ಸಮಯವನ್ನೇ ನೋಡುತ್ತಿದ್ದರು. ಆರ್ಡಿಸ್ ಕೆಳಗಿಳಿಯುತ್ತ ಕೊನೆಯ ಹೆಸರಿಗೆ ಬಂದಳು. ಕೋರಾ ಲಿಂಡ್‌ವಿಗ್, ಪಕ್ಕದ ಊರಿನ ಕಾಲೇಜು. ಐದನೆಯ ಸುತ್ತಿನಲ್ಲಿ ಅವಳ ವೇಗ ಕುಸಿದುಬಿದ್ದಿತ್ತು. ಆರನೆಯದರಲ್ಲಿ ಮತ್ತೆ ಎದ್ದಿತ್ತು.

ದಣಿದವಳು ಮೆಲ್ಲಮೆಲ್ಲಗೆ ನಿಧಾನವಾಗುತ್ತಾಳೆ, ಮತ್ತೆ ಏಳುವುದಿಲ್ಲ. ಒಂದೇ ಸುತ್ತಿನಲ್ಲಿ ಕುಸಿದು ಎದ್ದವಳು ಎಡವಿರಬೇಕು.

ಆರ್ಡಿಸ್ ಕೋಟು ಹಾಕಿಕೊಂಡಳು.

* * *

ಕೋರಾ ಹಾಸ್ಟೆಲಿನ ಸೋಫಾದ ಮೇಲೆ ಎಡಗಾಲು ಚಾಚಿ ಕೂತಿದ್ದಳು. ಕಣಕಾಲಿನ ಹೊರಬದಿಯಲ್ಲಿ ಉದ್ದನೆಯ ತರಚು ಗಾಯ.

"ಇದು ಎಲ್ಲಾಯ್ತು ಮಗಳೇ?"

"ದೂರದ ತಿರುವಲ್ಲಿ. ಆ ದರಿದ್ರ ಪಟ್ಟಿಗೆ ಕಾಲು ತಾಗಿ ಮುಗ್ಗರಿಸ್ದೆ. ಓಟಾನೇ ರದ್ದಾಯ್ತಂತಲ್ಲ? ಯಾಕೆ?"

"ಯಾಕೆ ಅಂತ ನಿನಗೆ ಯಾರೂ ಹೇಳ್ಲಿಲ್ವಾ?"

"ಹಿಮ ಜಾಸ್ತಿಯಾಗುತ್ತೆ ಅಂತ ನಮ್ಮ ಬಸ್ಸು ಬೇಗ ಹೊರಡ್ತು. ಕೊನೆಗೆ ಬಂದವಳನ್ನ ಯಾರು ಕೇಳ್ತಾರೆ ಮೇಡಂ?" ಕೋರಾ ನಕ್ಕಳು. "ಆ ಕೋಚ್ ಒಬ್ರು ಕೇಳಿದ್ರು. ಗೆದ್ದವಳ ಕೋಚ್. ಎಲ್ಲರೂ ಊಟಕ್ಕೆ ಹೋಗಿದ್ರು. ಅವರೊಬ್ರೇ ಬಂದು ಬಲೆ ಹಿಂದಿನ ಬೆಂಚಲ್ಲಿ ಕೂರಿಸಿ ಐಸ್ ಕಟ್ಟಿದ್ರು. ತಮ್ಮ ಸ್ವಂತ ಮಫ್ಲರಿಂದ."

"ಎಡವಿದ್ದು ಹೇಗೆ ಅಂತ ಅವರಿಗೆ ಹೇಳಿದ್ಯಾ?"

"ಹ್ಞೂಂ. ಪಟ್ಟಿ ತೋರಿಸಿ ಬೈದೆ. ಹೊರಡುವಾಗ ಅದಕ್ಕೊಂದು ಒದ್ದೂ ಬಂದೆ, ಸರಿ ಇದ್ದ ಕಾಲಲ್ಲಿ. ಆಗ ಅವರಿಗೆ ಫೋನ್ ಬಂತು. ಅಲ್ಲೇ ನಿಂತು ಮಾತಾಡ್ತಿದ್ರು."

ಕುರ್ಚಿಯ ಬೆನ್ನಿಗೆ ಹಸಿರು ಮಫ್ಲರ್ ಒಣಗಲು ಹಾಕಿತ್ತು. ಆರ್ಡಿಸ್‌ಗೆ ಅದನ್ನು ನೋಡಲಾಗಲಿಲ್ಲ.

* * *

ಸೋಮವಾರ ಬೆಳಿಗ್ಗೆ ಕ್ರೀಡಾಂಗಣ ಖಾಲಿಯಿತ್ತು. ಜೆನೆಲ್ ದೂರದ ತಿರುವಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಆರ್ಡಿಸ್ ಪಕ್ಕದಲ್ಲಿ ಕೂತಳು.

"ಆ ಓಟ ಇಲ್ಲವಾಗಿದ್ದರಿಂದ ಯಾರಿಗೆ ಲಾಭ ಅಂತ ಯೋಚಿಸ್ತಿದ್ದೆ ಜೆನೆಲ್. ಓಡಿದವರೆಲ್ಲರಿಗೂ ನಷ್ಟ. ಕರ್ಟ್ ಕೂಗಾಡಿದ. ನಿನ್ನ ಹುಡುಗೀದು ಎಲ್ಲರಿಗಿಂತ ದೊಡ್ಡ ನಷ್ಟ. ನೀನು ಒಂದು ಮಾತು ಜಗಳ ಆಡ್ಲಿಲ್ಲ."

ಜೆನೆಲ್ ನೆಲ ನೋಡುತ್ತಿದ್ದಳು.

"ಐದನೇ ಸುತ್ತಿನಲ್ಲಿ ಕೋರಾ ಪಟ್ಟಿಗೆ ಎಡವಿದ್ಲು. ಅಂದ್ರೆ ಓಟದಲ್ಲಿ ಪಟ್ಟಿ ಇತ್ತು. ಅವಳು ಇಲ್ಲಿಂದ ಹೊರಟಾಗ್ಲೂ ಇತ್ತು. ಆಮೇಲೆ ಇಲ್ಲಿ ಉಳಿದವಳು ನೀನೊಬ್ಬಳೇ. ಪಟ್ಟಿ ಇರ್ಲಿಲ್ಲ ಅಂತ ನಾನು ಸಾರಿದಾಗ, ಇತ್ತು ಅಂತ ಗೊತ್ತಿದ್ದೂ ನೀನು ಬಾಯಿ ಬಿಡ್ಲಿಲ್ಲ. ಫೋನ್ ಮಾಡಿದ್ದು ಯಾರು?"

ಜೆನೆಲ್ ಜೇಬಿನಿಂದ ಫೋನ್ ತೆಗೆದು ಬೆಂಚಿನ ಮೇಲಿಟ್ಟಳು.

"ದೊಡ್ಡ ಯೂನಿವರ್ಸಿಟಿಯ ಕೋಚ್. ಫಲಿತಾಂಶ ಹೊರಗೆ ಬಿದ್ದು ಅರ್ಧ ಗಂಟೆ ಆಗಿರ್ಲಿಲ್ಲ. ಅಭಿನಂದನೆ ಹೇಳಿದ. ಮುಂದಿನ ವರ್ಷಕ್ಕೆ ಅವಳ ಯೋಚನೆ ಏನು ಅಂತ ಕೇಳ್ದ. ಹಿಂದೆಯೂ ನನ್ನ ಹುಡುಗೀರನ್ನ ಹೀಗೇ ಎತ್ಕೊಂಡು ಹೋದ್ರು ಮಿಸೆಸ್ ಕ್ವಾಮ್. ನಾನು ಕಡೆದ ಬೆಣ್ಣೆ, ತಿನ್ನೋರು ಬೇರೆ. ಮೈನೂ ಇಲ್ಲಿಗೆ ಬಂದಾಗ ಎರಡು ಸುತ್ತಿಗೇ ವಾಂತಿ ಮಾಡ್ಕೋತಿದ್ಲು. ಫೆಬ್ರವರೀಲಿ ಮತ್ತೆ ಓಡ್ತಾಳೆ, ಆಗ ಅರ್ಹತೆ ಸಿಕ್ಕೇ ಸಿಗುತ್ತೆ ಅಂದ್ಕೊಂಡೆ. ಅಷ್ಟೊತ್ತಿಗೆ ದೊಡ್ಡ ತಂಡಗಳ ಜಾಗ ತುಂಬಿರುತ್ತೆ, ಅಲ್ಲೀವರೆಗೆ ಅವಳ ಹೆಸರು ಯಾರ ಕಣ್ಣಿಗೂ ಬೀಳದಿದ್ರೆ ಸಾಕು ಅನ್ನಿಸ್ತು. ಪಟ್ಟಿ ಕಿತ್ತುಬಿಟ್ಟೆ."

"ನಾನು ಹೋಗ್ತೀನಿ ಅಂತ ಯಾವತ್ತು ಹೇಳಿದ್ದೆ ಕೋಚ್?"

ಇಬ್ಬರೂ ತಿರುಗಿದರು. ಬಲೆಯ ಪಕ್ಕದಲ್ಲಿ ಮೈನೂ ನಿಂತಿದ್ದಳು. ಹಿಂದೆ ಅವಳ ತಾಯಿ. ತೀರ್ಪು ಕೇಳಲು ಆರ್ಡಿಸ್ ಕರೆಸಿದ್ದಳು. ಅವರು ಹೇಳಿದ ಸಮಯಕ್ಕಿಂತ ಮೊದಲೇ ಬಂದಿದ್ದರು.

"ಮೈನೂ—"

"ಎಲ್ರೂ ನನ್ನನ್ನ ಕಳ್ಳಿ ಅಂದ್ರು. ನೀವು ಪಕ್ಕದಲ್ಲೇ ನಿಂತಿದ್ರಿ. ನನ್ನ ಭುಜದ ಮೇಲೆ ಕೈ ಇಟ್ಟಿದ್ರಿ." ದನಿ ಒಡೆಯಲಿಲ್ಲ. ಅದೇ ಕೇಳಲು ಕಷ್ಟವಾಯಿತು. "ನಂಗೆ ಎಲ್ಲಿಗೂ ಹೋಗೋದು ಬೇಕಿರ್ಲಿಲ್ಲ. ಈಗ ಬೇಕು."

"ನಿನ್ನ ಓಟ ಉಳೀತಮ್ಮ," ಅಂದಳು ಆರ್ಡಿಸ್. "ಮಧ್ಯಾಹ್ನದೊಳಗೆ ಕಳಿಸ್ತೀನಿ. ಎಲ್ಲರದ್ದೂ. ಹೇಗೆ ಉಳೀತು ಅನ್ನೋದನ್ನೂ ಬರೀಬೇಕಾಗುತ್ತೆ ಜೆನೆಲ್."

ಜೆನೆಲ್ ತಲೆಯಾಡಿಸಿದಳು. ಹಾಗೆ ಬರೆದರೆ ಅವಳ ಕೆಲಸ ಹೋಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೈನೂ ಥ್ಯಾಂಕ್ಸ್ ಹೇಳಿ, ಕೋಚ್ ಕಡೆ ತಿರುಗಿ ನೋಡದೆ ನಡೆದುಹೋದಳು. ಗೆದ್ದವಳ ನಡಿಗೆಯಾಗಿರಲಿಲ್ಲ ಅದು.

ತಾಯಿ ಹೋಗಲಿಲ್ಲ. ಮಗಳ ಮಾತು ಪೂರ್ತಿ ಅರ್ಥವಾಗಿತ್ತೆಂದು ಆಕೆಯ ಕಣ್ಣೇ ಹೇಳುತ್ತಿತ್ತು. ಜೆನೆಲ್‌ಳ ಬೂದಿಬಣ್ಣಕ್ಕೆ ತಿರುಗಿದ ಮುಖವನ್ನು ನೋಡುತ್ತ ನಿಂತಳು. ಆಮೇಲೆ ಕೈಚೀಲದಿಂದ ಒಂದು ಡಬ್ಬಿ ತೆಗೆದಳು. ಇನ್ನೂ ಬಿಸಿಯಿದ್ದ ಅಂಟಕ್ಕಿ ಅನ್ನ, ಸೊಪ್ಪಿನ ಜೊತೆ ಬೇಯಿಸಿದ ಹಂದಿಮಾಂಸ. ಮಗಳಿಗೆಂದು ಕಟ್ಟಿ ತಂದದ್ದು. ಅದನ್ನು ಜೆನೆಲ್‌ಳ ಮಡಿಲಲ್ಲಿಟ್ಟು, ಚಮಚವನ್ನು ಅವಳ ಕೈಗೆ ಕೊಟ್ಟಳು.